ಐಟಿಐ, ಡಿಪ್ಲೊಮಾ ಮಾಡಿದವರು ಡಿಗ್ರಿಗೆ ಸೇರುವ ಮುಂಚೆ: ಅರ್ಹತೆ ಇದೆಯೋ ಇಲ್ಲವೋ ಯಾರನ್ನು ಕೇಳಬೇಕು?

ಕುಡತಿನಿ ಹುಡುಗ
ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷದ ಐಟಿಐ ಮಾಡಿದೆ, ಎಲೆಕ್ಟ್ರಿಷಿಯನ್ ಟ್ರೇಡ್. ಎನ್‌ಸಿವಿಟಿ (ಕೇಂದ್ರದ ವೃತ್ತಿ ತರಬೇತಿ ಮಂಡಳಿ) ಸರ್ಟಿಫಿಕೇಟ್ ಇದೆ. ಅಪ್ರೆಂಟಿಸ್ ಮುಗಿಸಿ ಈಗ ತೋರಣಗಲ್ಲು ಕಡೆ ಕಾಂಟ್ರಾಕ್ಟ್ ಕೆಲಸ. ಪಿಯುಸಿ ಓದಿಲ್ಲ.

ಮುಂದೆ ಓದಬೇಕು ಅಂತ ಆಸೆ. ಬಳ್ಳಾರಿಯಲ್ಲಿ ಒಂದು ಖಾಸಗಿ ಕಾಲೇಜಿಗೆ ಹೋಗಿದ್ದೆ. "ಐಟಿಐ ಅಂದ್ರೆ ಪಿಯುಸಿ ಇದ್ದ ಹಾಗೇನೇ, ಬಿಸಿಎಗೆ ಸೇರಿಸಿಕೊಳ್ಳುತ್ತೇವೆ, ಈಗ ಸ್ವಲ್ಪ ಅಡ್ವಾನ್ಸ್ ಕಟ್ಟಿ ಸೀಟು ಹಿಡಿದುಕೊಳ್ಳಿ" ಅಂದರು. ಇನ್ನೊಂದು ಕಾಲೇಜಿನ ಕ್ಲರ್ಕ್ "ಪಿಯುಸಿ ಇಲ್ಲದೆ ಕಾಲೇಜಿನ ಮೆಟ್ಟಿಲೇ ಹತ್ತಬೇಡ" ಅನ್ನೋ ಥರ ಮಾತಾಡಿದರು. ನಮ್ಮ ಚಿಕ್ಕಪ್ಪನ ಮಗ ಐಟಿಐ ಮೇಲೆ ಪೊಲೀಸ್ ಕಾನ್‌ಸ್ಟೇಬಲ್‌ಗೆ ಅರ್ಜಿ ಹಾಕಿದ್ದ, ಅದು ಸ್ವೀಕಾರ ಆಗಿತ್ತು. ಹಾಗಾದರೆ ಐಟಿಐ ಪಿಯುಸಿಗೆ ಸಮ ಅಂತಲೇ ಅಲ್ವಾ? ಬಿಇ ಮಾಡೋ ದಾರಿ ಇದೆಯಾ? ಯಾರ ಮಾತು ನಂಬಲಿ?

ಗಂಗಾವತಿ ಮಂಜ
ಅಡ್ವಾನ್ಸ್ ಮಾತ್ರ ಕಟ್ಟಬೇಡ ತಮ್ಮಾ. ಉಳಿದದ್ದನ್ನು ಆಮೇಲೆ ನೋಡೋಣ.

ಹಳೇ ಜೆಟಿಒ, ರಾಯಚೂರು
ನಾನು ಐಟಿಐನಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಪ್ರತಿ ವರ್ಷ ಜೂನ್ ಬಂತೆಂದರೆ ಹುಡುಗರು ಇದೇ ಪ್ರಶ್ನೆ ಹಿಡಿದು ವರ್ಕ್‌ಶಾಪ್ ಬಾಗಿಲಿಗೆ ಬರುತ್ತಿದ್ದರು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಿಲ್ಲದೆ ಓದು.

ಮೊದಲು ನಿನ್ನ ಚಿಕ್ಕಪ್ಪನ ಮಗನ ವಿಚಾರ. ನೌಕರಿಗೆ ಸಮ ಅನ್ನೋದು ಬೇರೆ, ಕಾಲೇಜು ಪ್ರವೇಶಕ್ಕೆ ಸಮ ಅನ್ನೋದು ಬೇರೆ. ನೇಮಕಾತಿ ಮಾಡುವ ಇಲಾಖೆ ತನ್ನ ಅಧಿಸೂಚನೆಯಲ್ಲಿ ಯಾವುದನ್ನು ಪಿಯುಸಿಗೆ ಸಮ ಎಂದು ಒಪ್ಪುತ್ತದೋ ಅದು ಆ ಹುದ್ದೆಗೆ ಮಾತ್ರ. ಅಲ್ಲೂ ಸುಮ್ನೆ ಒಪ್ಪುವುದಿಲ್ಲ. ಪೊಲೀಸ್ ಅಧಿಸೂಚನೆಗಳನ್ನು ಪೂರ್ತಿ ಓದಿದರೆ, ಎರಡು ವರ್ಷದ ಐಟಿಐ ಅಥವಾ ಜೆಒಸಿ (ಪಿಯು ಮಟ್ಟದ ವೃತ್ತಿ ಕೋರ್ಸ್) ಮಾಡಿದವರು ಎನ್‌ಐಒಎಸ್‌ನಲ್ಲೋ (ಕೇಂದ್ರದ ಮುಕ್ತ ಶಾಲಾ ಮಂಡಳಿ) ಪಿಯು ಮಂಡಳಿಯಲ್ಲೋ ಒಂದು ಭಾಷೆ ಮತ್ತು ಅಲ್ಲಿ ಹೇಳಿದಷ್ಟು ವಿಷಯ ಪಾಸಾಗಿರಬೇಕು ಎಂಬ ಷರತ್ತು ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಅರ್ಜಿ ಸ್ವೀಕಾರ ಆಗುವುದಕ್ಕೂ ದಾಖಲೆ ಪರಿಶೀಲನೆಯಲ್ಲಿ ಉಳಿಯುವುದಕ್ಕೂ ವ್ಯತ್ಯಾಸ ಇದೆ. ಆನ್‌ಲೈನ್ ಫಾರ್ಮ್ ಯಾರದನ್ನು ಬೇಕಾದರೂ ಸ್ವೀಕರಿಸುತ್ತದೆ.

ಇನ್ನು ಓದಿನ ವಿಚಾರ. ಐಟಿಐನಿಂದ ಮೇಲೆ ಹತ್ತಲು ಸರ್ಕಾರವೇ ಹಾಕಿಕೊಟ್ಟ ದಾರಿ ಒಂದಿದೆ. ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ ನೇರ 3ನೇ ಸೆಮಿಸ್ಟರ್‌ಗೆ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಆ ಡಿಪ್ಲೊಮಾ ಎರಡು ವರ್ಷದಲ್ಲಿ ಮುಗಿಯುತ್ತದೆ. ಆಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ. ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇಯ ನಿಯಮದಲ್ಲೇ ಮೂರು ವರ್ಷದ ಡಿಪ್ಲೊಮಾ ಜೊತೆ "ಲ್ಯಾಟರಲ್ ಎಂಟ್ರಿಯಲ್ಲಿ ಎರಡು ವರ್ಷ ಓದಿದ ಡಿಪ್ಲೊಮಾ" ಎಂದೂ ಬರೆದಿದೆ. ಹಾಗಾಗಿ "ನೀನು ಎರಡೇ ವರ್ಷ ಡಿಪ್ಲೊಮಾ ಓದಿದವನು, ಬಿಇಗೆ ಬರಲ್ಲ" ಎಂದು ಯಾರಾದರೂ ಅಂದರೆ ಆ ಪುಟ ತೆಗೆದು ತೋರಿಸು. ಡಿಪ್ಲೊಮಾದಲ್ಲಿ ಕನಿಷ್ಠ 45 ಪರ್ಸೆಂಟ್ ಬೇಕು, ಮೀಸಲಾತಿ ಇರುವವರಿಗೆ 40.

ಲೆಕ್ಕ ಹಾಕಿ ನೋಡು. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ ದಾರಿಯಲ್ಲಿ ಬಿಇಗೆ 6 ವರ್ಷ. ನಿನ್ನ ದಾರಿಯಲ್ಲಿ ಐಟಿಐ 2, ಡಿಪ್ಲೊಮಾ 2, ಬಿಇ 3, ಒಟ್ಟು 7. ಒಂದೇ ವರ್ಷ ಜಾಸ್ತಿ. ಅದರಲ್ಲಿ 2 ವರ್ಷ ಆಗಲೇ ಮುಗಿಸಿದ್ದೀಯ.

ಬಿಸಿಎ ಬಗ್ಗೆ ಆ ಕಾಲೇಜಿನವರು ಹೇಳಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ, ನಿಜ ಅಂತಲೂ ಹೇಳುವುದಿಲ್ಲ. ಅದನ್ನು ತೀರ್ಮಾನ ಮಾಡುವವರು ಕಾಲೇಜಿನವರೇ ಅಲ್ಲ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅವರು. ಬಳ್ಳಾರಿ ಅಂದರೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಆ ವರ್ಷದ ಬಿಸಿಎ ನಿಯಮಾವಳಿಯಲ್ಲಿ ಅರ್ಹತೆ ಅಂತ ಒಂದು ಪ್ಯಾರಾ ಇರುತ್ತದೆ. ಅದರಲ್ಲಿ ಎರಡು ವರ್ಷದ ಐಟಿಐ ಎಂದು ಅಕ್ಷರದಲ್ಲಿ ಇದ್ದರೆ ಸೇರು. ಬರೀ "ತತ್ಸಮಾನ" ಅಂತ ಇದ್ದರೆ ಪತ್ರ ಬರೆದು ಕೇಳು. ಅಡ್ವಾನ್ಸ್ ಅದಕ್ಕೂ ಆಮೇಲೆ.

ಸಿಂಧನೂರು ಅಕ್ಕ
ಸರ್, ನನ್ನ ಮಗಳು ಐಟಿಐನಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) ಮಾಡಿದ್ದಾಳೆ. ಕಂಪ್ಯೂಟರ್ ಅಲ್ವಾ, ಬಿಸಿಎಗೆ ಅದೇ ಸರಿ ಹೊಂದುತ್ತೆ ಅಂದುಕೊಂಡಿದ್ದೆವು. ಅವಳಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸಿಗುತ್ತದೆಯಾ?

ಹಳೇ ಜೆಟಿಒ, ರಾಯಚೂರು
ಕೋಪಾ ಒಂದು ವರ್ಷದ ಟ್ರೇಡ್, ಅಮ್ಮಾ. ವೆಲ್ಡರ್ ಕೂಡ ಹಾಗೇ. ನಾನು ಹೇಳಿದ್ದೆಲ್ಲ ಎರಡು ವರ್ಷದ ಟ್ರೇಡ್‌ಗೆ: ಎಲೆಕ್ಟ್ರಿಷಿಯನ್, ಫಿಟ್ಟರ್, ಆ ಥರದ್ದು. ಐಟಿಐ ಅಂತ ಒಂದೇ ಹೆಸರಿದ್ದರೂ ಒಂದು ವರ್ಷದ್ದನ್ನೂ ಎರಡು ವರ್ಷದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮಗಳು ಚಿಕ್ಕವಳಿದ್ದರೆ ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ. ಕಲಾ, ವಾಣಿಜ್ಯ ವಿಭಾಗಕ್ಕೆ ಅವಕಾಶ ಇದೆ. ವಿಜ್ಞಾನಕ್ಕೆ ಇಲ್ಲ, ಪ್ರಾಕ್ಟಿಕಲ್ ಇರುತ್ತದಲ್ಲ. ಇಲ್ಲವಾದರೆ ಎನ್‌ಐಒಎಸ್.

ಸಿಂಧನೂರು ಅಕ್ಕ
ಐಟಿಐಗೆ ಸೇರಿಸುವಾಗ ಯಾರೂ ಇದನ್ನು ಹೇಳಲಿಲ್ಲ ನೋಡಿ. ಕಂಪ್ಯೂಟರ್ ಕೋರ್ಸ್, ಬೇಗ ಕೆಲಸ ಅಂತ ಅಷ್ಟೇ.

ಪಾಲಿ ಮೇಷ್ಟ್ರು
ಕೊಪ್ಪಳ ಜಿಲ್ಲೆಯ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಜೆಟಿಒ ಸರ್ ಹೇಳಿದ್ದರ ಮೇಲೆ ಇನ್ನೆರಡು ಮಾತು.

ಐಟಿಐ ಟ್ರೇಡ್‌ಗೆ ಹೊಂದುವ ಶಾಖೆಗೇ ಲ್ಯಾಟರಲ್ ಸೀಟು ಸಿಗುವುದು. ಎಲೆಕ್ಟ್ರಿಷಿಯನ್ ಆದರೆ ಎಲೆಕ್ಟ್ರಿಕಲ್ ಕಡೆ, ಫಿಟ್ಟರ್ ಆದರೆ ಮೆಕ್ಯಾನಿಕಲ್ ಕಡೆ. "ಎಲೆಕ್ಟ್ರಿಷಿಯನ್ ಮುಗಿಸಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾಗೆ ಬರ್ತೀನಿ" ಅಂತ ಬರುವವರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಆ ವರ್ಷದ ಪ್ರವೇಶ ಸೂಚನೆ ತೋರಿಸುತ್ತೇನೆ. ಯಾವ ಟ್ರೇಡ್‌ಗೆ ಯಾವ ಶಾಖೆ ಅಂತ ಅದನ್ನೇ ನೋಡಿ ತಿಳಿದುಕೊಳ್ಳಬೇಕು, ಬೇರೆ ಊರಿನ ಗೆಳೆಯ ಹೇಳಿದ್ದು ಲೆಕ್ಕಕ್ಕಿಲ್ಲ.

ಆದರೆ ಡಿಪ್ಲೊಮಾದಿಂದ ಬಿಇಗೆ ಹೋಗುವಾಗ ಈ ಕಟ್ಟು ಸಡಿಲ. ಈಗಿನ ಎಐಸಿಟಿಇ ನಿಯಮದಲ್ಲಿ ಯಾವುದೇ ಎಂಜಿನಿಯರಿಂಗ್ ಶಾಖೆಯ ಡಿಪ್ಲೊಮಾ ಇದ್ದರೂ ಲ್ಯಾಟರಲ್ ಎಂಟ್ರಿಗೆ ಅರ್ಹತೆ ಇದೆ, ಕೊರತೆ ಇರುವ ವಿಷಯಕ್ಕೆ ವಿಶ್ವವಿದ್ಯಾಲಯ ಬ್ರಿಜ್ ಕೋರ್ಸ್ ಕೊಡಬೇಕು ಎಂದಿದೆ. ನೆನಪಿಡಿ, ಎಐಸಿಟಿಇ ಹಾಕುವುದು ಕನಿಷ್ಠ ಗೆರೆ. ಸೀಟು ಹಂಚುವುದು ಕೆಇಎ. ಯಾವ ಶಾಖೆಗೆ ಆಯ್ಕೆ ಹಾಕಬಹುದು ಎನ್ನುವುದಕ್ಕೆ ಆ ವರ್ಷದ ಡಿಸಿಇಟಿ ಮಾಹಿತಿ ಪುಸ್ತಿಕೆಯೇ ಆಧಾರ.

ಇನ್ನೊಂದು, ಅರ್ಹತೆ ಸಿಕ್ಕಿತು ಅಂದ ಮಾತ್ರಕ್ಕೆ ದಡ ಸೇರಿದ ಹಾಗಲ್ಲ. ನಮ್ಮಲ್ಲಿಗೆ 3ನೇ ಸೆಮಿಸ್ಟರ್‌ಗೆ ಬರುವ ಐಟಿಐ ಹುಡುಗರು ಲ್ಯಾಬಿನಲ್ಲಿ ಹುಲಿಗಳು. ಮೋಟಾರ್ ವೈಂಡಿಂಗ್ ಬಿಚ್ಚಿ ಕಟ್ಟು ಅಂದರೆ ನಮಗಿಂತ ಬೇಗ ಕಟ್ಟುತ್ತಾರೆ. ಬೋರ್ಡಿನ ಮೇಲೆ ಇಂಟಿಗ್ರೇಷನ್ ಚಿಹ್ನೆ ಬಂತೋ, ಹಿಂದಿನ ಬೆಂಚಿಗೆ ಸರಿಯುತ್ತಾರೆ. ಮೊದಲ ವರ್ಷದ ಗಣಿತ ಅವರು ಓದಿರುವುದೇ ಇಲ್ಲವಲ್ಲ. ಬಿಇಗೆ ಹೋದಮೇಲೂ ಇದೇ ಕಥೆ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು, ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತದ ಪೇಪರ್‌ಗಳನ್ನು ಇಟ್ಟಿತ್ತು. ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಬಿಡುವಂತಿಲ್ಲ. ಅದನ್ನೇ ಉಳಿಸಿಕೊಂಡು ಕೊನೆಯ ವರ್ಷದವರೆಗೂ ಎಳೆದವರನ್ನು ನೋಡಿದ್ದೇನೆ. ಕೆಲಸಕ್ಕೆ ಹೋಗುತ್ತಲೇ ಮೊದಲ ವರ್ಷದ ಡಿಪ್ಲೊಮಾ ಗಣಿತ ಪುಸ್ತಕ ತಂದು ಈಗಿನಿಂದಲೇ ಬಿಡಿಸೋಕೆ ಶುರು ಮಾಡು.

ಗಂಗಾವತಿ ಮಂಜ
"ಲ್ಯಾಬಿನಲ್ಲಿ ಹುಲಿ" 😄 ಮೇಷ್ಟ್ರೇ, ನನ್ನನ್ನೇ ನೋಡಿ ಬರೆದ ಹಾಗಿದೆ.

ಯಲಬುರ್ಗಾ ಬಸು
ಎಲ್ಲಾ ಸರಿ. ಆದರೆ ಐಟಿಐ ಮಾಡಿದವನಿಗೆ ಡಿಗ್ರಿ ಯಾಕೆ ಬೇಕು ಅಂತ? ರೈಲ್ವೆ ಅಸಿಸ್ಟೆಂಟ್ ಲೋಕೊ ಪೈಲಟ್‌ಗೆ ಐಟಿಐ ನಡೆಯುತ್ತದೆ. ಪವರ್‌ಮ್ಯಾನ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ತೆಗೆದುಕೊಳ್ಳುತ್ತಾರೆ. ಐದು ವರ್ಷ ಫೀ ಕಟ್ಟಿ ಬಿಇ ಮಾಡಿ ಬಂದು ಮತ್ತೆ ಅದೇ ಪ್ಲಾಂಟ್‌ನಲ್ಲಿ ಟ್ರೈನಿ ಅಂತ ನಿಲ್ಲೋದಾ?

ಕುಡತಿನಿ ಹುಡುಗ
ಬಸಣ್ಣ, ಪ್ಲಾಂಟ್‌ನಲ್ಲಿ ನಾನು ನೋಡಿದ್ದು ಹೇಳ್ತೀನಿ. ಪ್ಯಾನಲ್ ಮುಂದೆ ತಪ್ಪು ಎಲ್ಲಿದೆ ಅಂತ ಹುಡುಕಿ ಕೊಡೋದು ನಾವು. ರಿಪೋರ್ಟ್‌ಗೆ ಸಹಿ ಹಾಕೋದು ಡಿಪ್ಲೊಮಾ ಮಾಡಿದ ನನ್ನ ವಯಸ್ಸಿನ ಹುಡುಗ. ಒಳ್ಳೆಯವನೇ ಪಾಪ, ನನ್ನನ್ನೇ ಕೇಳಿ ಬರೀತಾನೆ. ಆದರೆ ಸಂಬಳ ಅವನದು ಬೇರೆ, ನನ್ನದು ಬೇರೆ.

ಯಲಬುರ್ಗಾ ಬಸು
ಹಾಗಾದರೆ ಓದು. ಡಿಪ್ಲೊಮಾವರೆಗಾದರೂ ಓದು.

ಸೆಕ್ಷನ್ ಟೇಬಲ್
ನಾನು ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೆಲಸ ಮಾಡಿದವನು. ಯಾವುದು ಅಂತ ಕೇಳಬೇಡಿ. ಈ ವಿಷಯದಲ್ಲಿ ಹೊರಗಿನವರಿಗೆ ಕಾಣದ ಒಂದು ಸಂಗತಿ ಇದೆ, ಅದನ್ನು ಬರೆಯುತ್ತೇನೆ.

ಕಾಲೇಜು ಅಡ್ಮಿಷನ್ ಮಾಡಿಕೊಂಡಿತು ಅಂದರೆ ವಿಶ್ವವಿದ್ಯಾಲಯ ಒಪ್ಪಿತು ಅಂತಲ್ಲ. ಕಾಲೇಜು ಸೇರಿಸಿಕೊಂಡವರ ಪಟ್ಟಿ ಮತ್ತು ದಾಖಲೆ ನಮಗೆ ಬರುತ್ತದೆ. ಈಗ ಯುಯುಸಿಎಂಎಸ್ ಪೋರ್ಟಲ್ ಮೂಲಕ ಬರುತ್ತದೆ, ಮೊದಲು ಕಟ್ಟು ಕಟ್ಟಾಗಿ ಕೆಂಪು ದಾರ ಸುತ್ತಿ ಬರುತ್ತಿತ್ತು. ಒಬ್ಬೊಬ್ಬರದೂ ನೋಡಿ ಅನುಮೋದನೆ ಕೊಡಬೇಕು. ಪಿಯುಸಿ ಇದ್ದವರದು ಸರಸರ ಹೋಗುತ್ತದೆ. ಐಟಿಐ, ಜೆಒಸಿ, ಹೊರ ರಾಜ್ಯದ ವೊಕೇಷನಲ್, ಎನ್‌ಐಒಎಸ್ ಬಂದರೆ ಆ ಫೈಲ್ ಪಕ್ಕಕ್ಕೆ ಇಡುತ್ತಾರೆ. ಯಾಕಂದರೆ ಅದಕ್ಕೆ ನಿಯಮ ತೆಗೆದು ನೋಡಬೇಕು, ಮೇಲಿನವರನ್ನು ಕೇಳಬೇಕು. ಹಾಗೆ ಪಕ್ಕಕ್ಕೆ ಇಟ್ಟದ್ದು ಎಷ್ಟೋ ಸಲ ಪರೀಕ್ಷೆ ಹತ್ತಿರ ಬಂದಾಗಲೇ ಮತ್ತೆ ಟೇಬಲ್ ಮೇಲೆ ಬರೋದು.

ಆಗ ಏನಾಗುತ್ತದೆ? ಹುಡುಗ ಎಲ್ಲರ ಜೊತೆ ಕ್ಲಾಸಿಗೆ ಕೂತಿರುತ್ತಾನೆ, ಇಂಟರ್ನಲ್ಸ್ ಬರೆದಿರುತ್ತಾನೆ. ಹಾಲ್ ಟಿಕೆಟ್ ಬರುವ ದಿನ ಕ್ಲಾಸಿನ ಎಲ್ಲರದೂ ಡೌನ್‌ಲೋಡ್ ಆಗುತ್ತದೆ, ಅವನದು ಮಾತ್ರ ಆಗುವುದಿಲ್ಲ. ಕಾಲೇಜಿನವರು "ಯೂನಿವರ್ಸಿಟಿಯಲ್ಲಿ ಕೇಳಪ್ಪ" ಅನ್ನುತ್ತಾರೆ. ಅಪ್ಪನ ಜೊತೆ ಬಂದು ನಮ್ಮ ಕೌಂಟರ್ ಮುಂದೆ ನಿಲ್ಲುತ್ತಾನೆ. ಅಪ್ಪನ ಕೈಯಲ್ಲಿ ಫೀ ಕಟ್ಟಿದ ರಸೀದಿಗಳು, ಪ್ಲಾಸ್ಟಿಕ್ ಕವರ್‌ನಲ್ಲಿ. ರಸೀದಿ ಕಾಲೇಜಿನದು, ಅರ್ಹತೆ ನಮ್ಮದು. ಆ ರಸೀದಿಯಿಂದ ನಮ್ಮಲ್ಲಿ ಏನೂ ಆಗುವುದಿಲ್ಲ, ಅದನ್ನು ಅವರಿಗೆ ಹೇಳುವುದು ಬಹಳ ಕಷ್ಟ.

ಹಾಗಾಗಿ ಫೋನಿನಲ್ಲಿ ಕೇಳಬೇಡಿ. ಫೋನ್ ಎತ್ತಿದವರು ಯಾರು, ಏನು ಹೇಳಿದರು ಅಂತ ನಾಳೆ ಯಾರಿಗೂ ನೆನಪಿರುವುದಿಲ್ಲ. ಕುಲಸಚಿವರಿಗೆ ಒಂದು ಪುಟದ ಅರ್ಜಿ ಬರೆಯಿರಿ. "ನಾನು ಇಂಥ ವರ್ಷ ಎಸ್ಸೆಸ್ಸೆಲ್ಸಿ, ಇಂಥ ಟ್ರೇಡ್‌ನಲ್ಲಿ ಎರಡು ವರ್ಷದ ಐಟಿಐ, ಎನ್‌ಸಿವಿಟಿ ಪ್ರಮಾಣಪತ್ರ ಪಡೆದಿದ್ದೇನೆ. ಪಿಯುಸಿ ಓದಿಲ್ಲ. ಇಂಥ ಶೈಕ್ಷಣಿಕ ವರ್ಷಕ್ಕೆ ಬಿಸಿಎ ಮೊದಲ ಸೆಮಿಸ್ಟರ್ ಪ್ರವೇಶಕ್ಕೆ ಅರ್ಹನೇ, ಯಾವ ನಿಯಮದ ಪ್ರಕಾರ, ದಯವಿಟ್ಟು ಲಿಖಿತವಾಗಿ ತಿಳಿಸಿ." ಇಷ್ಟೇ. ಮಾರ್ಕ್ಸ್ ಕಾರ್ಡುಗಳ ಝೆರಾಕ್ಸ್ ಲಗತ್ತಿಸಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ. "ಯಾವ ನಿಯಮದ ಪ್ರಕಾರ" ಅನ್ನೋದನ್ನು ಬಿಡಬೇಡಿ. ಆ ಒಂದು ಸಾಲಿಗಾಗಿ ಕೇಸ್ ವರ್ಕರ್ ಪುಸ್ತಕ ತೆಗೆಯಲೇಬೇಕಾಗುತ್ತದೆ. ಉತ್ತರವೇ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ.

ಮಾನ್ವಿ ಕಾಕಾ
ಸೆಕ್ಷನ್ ಟೇಬಲ್ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅಣ್ಣನ ಮಗನದು ಎನ್‌ಐಒಎಸ್ 12ನೇ ತರಗತಿ. ರಾಜ್ಯ ಮಂಡಳಿ ಬಿಟ್ಟು ಬೇರೆ ಕಡೆ ಓದಿದವರು ಅರ್ಹತಾ ಪ್ರಮಾಣಪತ್ರ ತರಬೇಕು ಅಂತ ಅಡ್ಮಿಷನ್ ದಿನ ಕಾಲೇಜಿನವರು ಬಾಯಿಬಿಡಲಿಲ್ಲ. "ಆಮೇಲೆ ಮಾಡೋಣ" ಅಂದರು. ದೀಪಾವಳಿ ಆದಮೇಲೆ ಕರೆದು "ನಾಳೆಯೊಳಗೆ ತನ್ನಿ, ದಂಡನೂ ಕಟ್ಟಬೇಕು" ಅಂದರು. ಕಾಲೇಜಿನ ಹೆಸರು ಹೇಳಲ್ಲ, ಹುಡುಗ ಇನ್ನೂ ಅಲ್ಲೇ ಓದುತ್ತಿದ್ದಾನೆ.

ಕುಡತಿನಿ ಹುಡುಗ
ಎನ್‌ಐಒಎಸ್ ಅಂತ ಎಲ್ಲರೂ ಹೇಳ್ತಿದ್ದೀರಿ. ಐಟಿಐ ಮಾಡಿದವರಿಗೆ ಅದರಲ್ಲಿ ಏನಾದರೂ ರಿಯಾಯಿತಿ ಇದೆಯಾ, ಇಲ್ಲ ಎಲ್ಲಾ ವಿಷಯ ಬರೆಯಬೇಕಾ?

ಹಳೇ ಜೆಟಿಒ, ರಾಯಚೂರು
ಇದೆ. 2016ರಲ್ಲಿ ಕೇಂದ್ರದ ಕೌಶಲ್ಯ ಸಚಿವಾಲಯದವರೂ ಎನ್‌ಐಒಎಸ್‌ನವರೂ ಒಪ್ಪಂದ ಮಾಡಿಕೊಂಡರು. ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ ಐಟಿಐ ಮಾಡಿದವರ ಟ್ರೇಡ್ ಅಂಕಗಳನ್ನು ವೃತ್ತಿಪರ ವಿಷಯಗಳಾಗಿ ವರ್ಗಾಯಿಸಿಕೊಂಡು, ಭಾಷೆ ಮತ್ತು ಉಳಿದ ವಿಷಯದ ಪರೀಕ್ಷೆ ಬರೆದರೆ 12ನೇ ತರಗತಿ ಪ್ರಮಾಣಪತ್ರ ಕೊಡುತ್ತಾರೆ. ಪೂರ್ತಿ ಐದು ವಿಷಯ ಬರೆಯುವ ತಾಪತ್ರಯ ಇಲ್ಲ.

ಆದರೆ ಕಡಿಮೆ ವಿಷಯ ಬರೆದು ಬಂದ ಆ ಪ್ರಮಾಣಪತ್ರದಲ್ಲಿ ಭೌತಶಾಸ್ತ್ರ, ಗಣಿತ ಇರುವುದಿಲ್ಲವಲ್ಲ. ಬಿಎ, ಬಿಕಾಂಗೆ ಸಾಕಾಗಬಹುದು. ಬಿಎಸ್ಸಿಗೆ ವಿಜ್ಞಾನ ವಿಷಯ ಓದಿರಬೇಕು. ಸಿಇಟಿ ಬರೆದು ಬಿಇ ಮೊದಲ ವರ್ಷಕ್ಕೆ ಹೋಗಬೇಕು ಅಂದರೆ 12ರಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ. ಹಾಗಾಗಿ 12 ಪಾಸಾಗಿದೆ ಅನ್ನೋದು ಅರ್ಧ ಉತ್ತರ, ಯಾವ ವಿಷಯದಲ್ಲಿ ಅನ್ನೋದು ಉಳಿದರ್ಧ.

ಗಂಗಾವತಿ ಮಂಜ
ಮುಕ್ತ ವಿವಿ? ಮೈಸೂರಿನದು? ನನ್ನ ಗೆಳೆಯ ಅದರಲ್ಲೇ ಬಿಎ ಮಾಡಿದ, ಕೆಲಸ ಬಿಡದೆ.

ಸೆಕ್ಷನ್ ಟೇಬಲ್
ಒಳ್ಳೆ ದಾರಿ, ಕೆಲಸದಲ್ಲಿ ಇರುವವರಿಗೆ. ನೋಡಬೇಕಾದ್ದು ಎರಡು. ಪ್ರಾಸ್ಪೆಕ್ಟಸ್‌ನಲ್ಲಿ ಆ ಕೋರ್ಸಿನ ಎದುರು ಬರೆದ ಅರ್ಹತೆ. ಮತ್ತೆ ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರ ಶಿಕ್ಷಣ ವಿಭಾಗದ ಮಾನ್ಯತೆ. ಮೈಸೂರಿನ ಈ ಮುಕ್ತ ವಿವಿಗೆ (ಕೆಎಸ್‌ಒಯು) ನಡುವೆ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಸೇರಿದವರು ಪಟ್ಟ ಪಾಡು ನಮ್ಮ ಭಾಗದಲ್ಲೂ ಎಷ್ಟೋ ಮನೆಗಳಿಗೆ ಗೊತ್ತು. ಈಗ ಮಾನ್ಯತೆ ಇದೆ, ಆದರೂ ಪಟ್ಟಿ ತೆಗೆದು ನೋಡುವ ಅಭ್ಯಾಸ ಒಳ್ಳೆಯದು. ಎಂಜಿನಿಯರಿಂಗ್, ನರ್ಸಿಂಗ್ ದೂರ ಶಿಕ್ಷಣದಲ್ಲಿ ಕೊಡುವಂತೆಯೇ ಇಲ್ಲ. "ಮನೆಯಲ್ಲೇ ಕೂತು ಬಿಟೆಕ್" ಅನ್ನೋ ಪೋಸ್ಟರ್ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಕಂಡರೆ ಮುಂದಕ್ಕೆ ನಡೆಯಿರಿ.

ಕೇಂದ್ರದ ಮುಕ್ತ ವಿವಿ ಇಗ್ನೋದಲ್ಲಿ ಬಿಪಿಪಿ ಅಂತ ಒಂದು ಪೂರ್ವಸಿದ್ಧತಾ ಕೋರ್ಸ್ ಇತ್ತು. 12 ಇಲ್ಲದವರು ಅದನ್ನು ಮಾಡಿ ಇಗ್ನೋ ಡಿಗ್ರಿಗೆ ಸೇರುತ್ತಿದ್ದರು. ಆದರೆ ಬಿಪಿಪಿ ಎಂಬುದು 12ನೇ ತರಗತಿಗೆ ಸಮ ಅಲ್ಲ. ನಾಳೆ ಯಾವುದೋ ನೌಕರಿಗೆ "10, 12, ಡಿಗ್ರಿ" ಮೂರೂ ಕೇಳಿದರೆ ನಡುವಿನದು ಖಾಲಿ ಉಳಿಯುತ್ತದೆ. ಎನ್‌ಐಒಎಸ್ ಮಾಡಿಕೊಂಡರೆ ಆ ಚಿಂತೆ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅದೇ ಮೇಲು.

ಶಿಫ್ಟ್ ಸಿಸ್ಟರ್, ಬಳ್ಳಾರಿ
ಹುಡುಗರದೇ ಮಾತಾಯಿತು. ನಮ್ಮ ಕಡೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಮಾಡಿದ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ! ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಓಟಿ. ಅವರಿಗೂ ಹೇಳಬೇಕು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯಲ್ಲಿ ಅಲೈಡ್ ಹೆಲ್ತ್ ಬಿಎಸ್ಸಿ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ. ಸರ್ಕಾರಿ ಮಂಡಳಿಯ ಡಿಪ್ಲೊಮಾ ಆಗಿರಬೇಕು, ವಿವಿ ಅದನ್ನು ಮಾನ್ಯ ಮಾಡಿರಬೇಕು. ಡಿಪ್ಲೊಮಾದಲ್ಲಿ ಓದಿದ ವಿಷಯಕ್ಕೇ ಸೇರಬೇಕು. ಲ್ಯಾಬ್ ಟೆಕ್ನಾಲಜಿ ಓದಿ ಇಮೇಜಿಂಗ್‌ಗೆ ಹಾರೋಕಾಗಲ್ಲ. ಅಂಚೆ ಮೂಲಕ ಮಾಡಿದ ಡಿಪ್ಲೊಮಾ ನಡೆಯುವುದಿಲ್ಲ ಅಂತ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರು ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡಬಹುದು, ಎರಡು ವರ್ಷ. ಅದಕ್ಕೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು. ನಮ್ಮ ವಾರ್ಡಿನಲ್ಲೇ ಒಬ್ಬಾಕೆ ನೋಂದಣಿ ನವೀಕರಿಸದೆ ಬಿಟ್ಟಿದ್ದಳು, ಅರ್ಜಿ ಹಾಕುವ ಹೊತ್ತಿಗೆ ಓಡಾಟವೋ ಓಡಾಟ. ನೈಟ್ ಡ್ಯೂಟಿ ಮುಗಿಸಿ ಹಾಗೇ ಬಸ್ ಹತ್ತಿ ಬೆಂಗಳೂರು.

ಸಿಂಧನೂರು ಅಕ್ಕ
ಸಿಸ್ಟರ್, ಇದನ್ನು ನಮ್ಮ ಓಣಿಯ ಒಬ್ಬ ಹುಡುಗಿಗೆ ಕಳಿಸಿದೆ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದಾಳೆ.

ಕೊಪ್ಪಳ ಟು ಬರ್ಮಿಂಗ್‌ಹ್ಯಾಮ್
ಇಲ್ಲಿ ಇಂಗ್ಲೆಂಡಿನಲ್ಲೂ ಇದೇ ತಲೆನೋವು, ಸ್ವಲ್ಪ ಬೇರೆ ಥರ. ನನ್ನ ಮಗ ಬಿಟೆಕ್ ಓದುತ್ತಿದ್ದಾನೆ. ನಮ್ಮ ಎಂಜಿನಿಯರಿಂಗ್ ಬಿಟೆಕ್ ಅಲ್ಲ ಮತ್ತೆ. ಇಲ್ಲಿ 16 ವಯಸ್ಸಿನ ನಂತರ ಎ ಲೆವೆಲ್ (ನಮ್ಮ ಪಿಯುಸಿ ಥರದ್ದು) ಬದಲು ಮಾಡುವ ವೃತ್ತಿ ಶಿಕ್ಷಣ. ಊರಿಗೆ ಫೋನ್ ಮಾಡಿ ಹೇಳಿದರೆ ಅತ್ತೆ "ಇಷ್ಟು ಬೇಗ ಬಿಟೆಕ್ಕಾ!" ಅಂತ ಓಣಿಗೆಲ್ಲ ಸಿಹಿ ಹಂಚೋಕೆ ಹೊರಟಿದ್ದರು.

ಇಲ್ಲಿ ವಿವಿಗಳಿಗೆ ಎಲ್ಲಾ ಅರ್ಜಿ ಯುಕಾಸ್ ಅನ್ನೋ ಒಂದೇ ಸಂಸ್ಥೆಯ ಮೂಲಕ. ಗ್ರೇಡಿಗೆ ಪಾಯಿಂಟ್ ಇದೆ. ಬಿಟೆಕ್ ಎಕ್ಸ್‌ಟೆಂಡೆಡ್ ಡಿಪ್ಲೊಮಾದಲ್ಲಿ ಒಂದು ಡಿಸ್ಟಿಂಕ್ಷನ್ ಎರಡು ಮೆರಿಟ್ ಬಂದರೆ 112 ಪಾಯಿಂಟ್. ಎ ಲೆವೆಲ್‌ನಲ್ಲಿ ಬಿ, ಬಿ, ಸಿ ಬಂದರೂ ಅದೇ 112. ಕಾಗದದ ಮೇಲೆ ಎರಡೂ ಸಮ. ಆದರೆ ಕೋರ್ಸಿನ ಪುಟ ಕೆಳಗೆ ಓದುತ್ತಾ ಹೋದರೆ ಕೆಲವು ವಿವಿಗಳು "ಬಿಟೆಕ್ ಜೊತೆ ಗಣಿತ ಎ ಲೆವೆಲ್ ಬೇಕು" ಅನ್ನುತ್ತವೆ, ಕೆಲವು "ಬಿಟೆಕ್ ಒಂದೇ ಆದರೆ ತೆಗೆದುಕೊಳ್ಳುವುದಿಲ್ಲ" ಅನ್ನುತ್ತವೆ. ವೈದ್ಯಕೀಯದಲ್ಲಂತೂ ಬಹಳ ಕಡೆ ಹಾಗೆ. 2020ರಿಂದ ಟಿ ಲೆವೆಲ್ ಅಂತ ಹೊಸ ವೃತ್ತಿ ಕೋರ್ಸ್ ಬಂದಿದೆ, ಅದರ ಡಿಸ್ಟಿಂಕ್ಷನ್‌ಗೆ 144. ಅದನ್ನೂ ಎಲ್ಲರೂ ಒಪ್ಪಲ್ಲ. ನಾವು ಒಂದೊಂದು ವಿವಿಯ ಅಡ್ಮಿಷನ್ ಆಫೀಸಿಗೆ ಇಮೇಲ್ ಮಾಡಿ, ಬಂದ ಉತ್ತರ ಇಟ್ಟುಕೊಂಡೇ ಐದು ಆಯ್ಕೆ ತುಂಬಿದೆವು.

ಊರಿನಿಂದ ಡಿಪ್ಲೊಮಾ ಮೇಲೆ ಇಲ್ಲಿಗೆ ಬರುವವರಿಗೆ: ಯುಕೆ ಎನಿಕ್ ಅನ್ನೋ ಸಂಸ್ಥೆ ನಿಮ್ಮ ಓದು ಇಲ್ಲಿಯ ಯಾವ ಮಟ್ಟಕ್ಕೆ ಹತ್ತಿರ ಅಂತ ಪತ್ರ ಕೊಡುತ್ತದೆ. ಸೇರಿಸಿಕೊಳ್ಳುವುದು ಬಿಡುವುದು ವಿವಿಗೆ ಬಿಟ್ಟದ್ದು. ಏಜೆಂಟರು ಆ ಪತ್ರವನ್ನೇ ಸೀಟು ಅಂತ ಮಾರುತ್ತಾರೆ, ಹುಷಾರು.

ಮಾನ್ವಿ ಕಾಕಾ
ಏಜೆಂಟರು ಎಲ್ಲಾ ಊರಲ್ಲೂ ಒಂದೇ ಬಿಡಿ.

ಪಾಲಿ ಮೇಷ್ಟ್ರು
ಕುಡತಿನಿ ಹುಡುಗನಿಗೆ ಇನ್ನೊಂದು ಹೇಳೋದು ಮರೆಯಬಾರದು. ಡಿಪ್ಲೊಮಾ ಆದಮೇಲೆ ಕೆಲಸ ಬಿಡದೆ ಬಿಇ ಮಾಡಲು ಎಐಸಿಟಿಇ 2023ರಿಂದ ಕೆಲಸದಲ್ಲಿರುವವರಿಗಾಗಿ ಪ್ರತ್ಯೇಕ ವ್ಯವಸ್ಥೆ ತಂದಿದೆ. ಕನಿಷ್ಠ ಒಂದು ವರ್ಷ ಪೂರ್ಣಾವಧಿ ಕೆಲಸದ ಅನುಭವ ಬೇಕು, ಕೆಲಸದ ಜಾಗ ಕಾಲೇಜಿನಿಂದ ಇಷ್ಟೇ ದೂರದೊಳಗೆ ಇರಬೇಕು ಅಂತ ಮಿತಿ ಇದೆ. ತೋರಣಗಲ್ಲಿನಿಂದ ಬಳ್ಳಾರಿ ಹತ್ತಿರವೇ. ಆದರೆ ಎಲ್ಲಾ ಕಾಲೇಜಿಗೂ ಈ ಅನುಮತಿ ಇರುವುದಿಲ್ಲ, ಆ ವರ್ಷದ ಅನುಮತಿ ಪತ್ರ ನೋಡಬೇಕು. ಮತ್ತೆ ಕಾಂಟ್ರಾಕ್ಟರ್ ಕೈಕೆಳಗಿನ ಕೆಲಸವನ್ನು ಅನುಭವ ಅಂತ ತೋರಿಸಬೇಕಾದರೆ ನೇಮಕ ಪತ್ರ, ಪಿಎಫ್ ದಾಖಲೆ, ಸಂಬಳದ ಸ್ಲಿಪ್ ಬೇಕಾಗುತ್ತದೆ. ನಗದು ಕೈಗೆ ಕೊಡುವ ಕಾಂಟ್ರಾಕ್ಟರ್ ಆದರೆ ಈಗಲೇ ಕೇಳಿ ಇಟ್ಟುಕೋ.

ಹಳೇ ಜೆಟಿಒ, ರಾಯಚೂರು
371ಜೆ ಪ್ರಮಾಣಪತ್ರ ಮಾಡಿಸಿದ್ದೀಯಾ? ಬಳ್ಳಾರಿ, ಕೊಪ್ಪಳ, ರಾಯಚೂರು, ವಿಜಯನಗರ, ಕಲಬುರಗಿ, ಯಾದಗಿರಿ, ಬೀದರ್, ಈ ಏಳು ಜಿಲ್ಲೆಯವರಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್, ಹೊರಗಿನ ಜಿಲ್ಲೆಗಳಲ್ಲಿ 8 ಪರ್ಸೆಂಟ್ ಮೀಸಲು ಇದೆ. ಅರ್ಹತೆ ಇದ್ದೂ ಈ ಒಂದು ಕಾಗದ ಇಲ್ಲದೆ ಸೀಟು ಕಳೆದುಕೊಂಡವರು ಇದ್ದಾರೆ. ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು. ಕೌನ್ಸೆಲಿಂಗ್ ವಾರದಲ್ಲಿ ಹೋದರೆ ಅಲ್ಲಿ ಜಾತ್ರೆ.

ಕುಡತಿನಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಸೆಕ್ಷನ್ ಟೇಬಲ್ ಸರ್ ಹೇಳಿದ ಹಾಗೆ ಅರ್ಜಿ ಬರೆದು ವಿವಿಗೆ ಕೊಟ್ಟೆ, ಸೀಲ್ ಹಾಕಿಸಿಕೊಂಡೆ. ಅದರ ಝೆರಾಕ್ಸ್ ಹಿಡಿದು ಆ ಖಾಸಗಿ ಕಾಲೇಜಿಗೆ ಹೋಗಿ "ನೀವು ಹೇಳಿದ್ದನ್ನೇ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಸರ್, ಈಗಲೇ ಅಡ್ವಾನ್ಸ್ ಕಟ್ಟುತ್ತೇನೆ" ಅಂದೆ. "ಪ್ರಿನ್ಸಿಪಾಲರು ಊರಲ್ಲಿಲ್ಲ, ಬಂದಮೇಲೆ ನೋಡೋಣ" ಅಂದರು. ಅವತ್ತಿನಿಂದ ಅವರ ಫೋನೇ ಬಂದಿಲ್ಲ, ಮೊದಲು ದಿನಾ ಬರ್ತಿತ್ತು.

ಡಿಪ್ಲೊಮಾ ಕಡೆಗೇ ಮನಸ್ಸಾಗಿದೆ. ಆದರೆ ಒಂದು ಕೊಕ್ಕೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಮನೆತನದ ಇನಿಷಿಯಲ್ ಇದೆ, ಎನ್‌ಸಿವಿಟಿ ಸರ್ಟಿಫಿಕೇಟಿನಲ್ಲಿ ಇಲ್ಲ. ಅಪ್ಪನ ಹೆಸರಿನ ಸ್ಪೆಲ್ಲಿಂಗೂ ಬೇರೆ. ಇದು ಅಡ್ಡ ಬರುತ್ತಾ?

ಪಾಲಿ ಮೇಷ್ಟ್ರು
ಬರುತ್ತದೆ. ದಾಖಲೆ ಪರಿಶೀಲನೆಯಲ್ಲಿ ಮೊದಲು ನೋಡುವುದೇ ಹೆಸರು. ಸೀಟು ಸಿಕ್ಕಮೇಲೆ ಸರಿ ಮಾಡಿಸೋಣ ಅಂತ ಕಾಯಬೇಡ.

ಹಳೇ ಜೆಟಿಒ, ರಾಯಚೂರು
ನೋಟರಿ ಹತ್ತಿರ ಓಡಿ ಅಫಿಡವಿಟ್ ಮಾಡಿಸೋಕೆ ಹೋಗಬೇಡ, ಮೊದಲು ನಿನ್ನ ಐಟಿಐಗೆ ಹೋಗು. ಪ್ರಾಂಶುಪಾಲರ ಹೆಸರಿಗೆ ಅರ್ಜಿ, ಎಸ್ಸೆಸ್ಸೆಲ್ಸಿ ಕಾರ್ಡ್, ಆಧಾರ್, ಎನ್‌ಸಿವಿಟಿ ಸರ್ಟಿಫಿಕೇಟ್, ಇವುಗಳ ಝೆರಾಕ್ಸ್. ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹಾಗೆಯೇ ಮಾಡಿ ಅಂತ ಬರೆ, ಆಧಾರ್ ಬೇರೆ ಥರ ಇದ್ದರೆ ಅದನ್ನೂ ಎಸ್ಸೆಸ್ಸೆಲ್ಸಿಗೆ ಹೊಂದಿಸಿಕೋ. ತಿದ್ದುಪಡಿ ಕೋರಿಕೆ ಐಟಿಐ ಕಡೆಯಿಂದ ಮೇಲಕ್ಕೆ ಹೋಗಬೇಕು, ನೆಟ್ ಸೆಂಟರಿನವನು ಮಾಡಿಕೊಡ್ತೀನಿ ಅಂದರೆ ದುಡ್ಡು ಕೊಡಬೇಡ. ಅಡ್ಮಿಷನ್ ಸೆಕ್ಷನ್‌ನಲ್ಲಿ ಪೋರ್ಟಲ್ ನೋಡಿಕೊಳ್ಳುವವರು ಯಾರು ಅಂತ ಕೇಳಿ ನೇರ ಅವರ ಹತ್ತಿರ ಹೋಗು. ಬೆಳಿಗ್ಗೆಯೇ ಹೋಗು, ಮಧ್ಯಾಹ್ನದ ಮೇಲೆ ಸರ್ವರ್ ಡೌನ್ ಅನ್ನುತ್ತಾರೆ.

ಕುಡತಿನಿ ಹುಡುಗ
ಸರಿ ಸರ್. ಈ ವಾರ ಸೆಕೆಂಡ್ ಶಿಫ್ಟ್ ಇದೆ, ಬೆಳಿಗ್ಗೆ ಬಿಡುವು. ನಾಳೆಯೇ ಹೋಗ್ತೀನಿ.